ದೊಡ್ಡ ಕಂಪನಿ ಬಿಟ್ಟ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ನೀವು ಜೀವನದಲ್ಲಿ ಮುಂದೆ ಬಂದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕು" ಅಂದರು. ಮುಂದೆ ಬಂದೆನೋ ಹಿಂದೆ ಹೋದೆನೋ ಅನ್ನುವುದರ ಬಗ್ಗೆ ನಮ್ಮ ಊರಿನಲ್ಲೇ ಎರಡು ಅಭಿಪ್ರಾಯ ಇದೆ. ನಮ್ಮ ದೊಡ್ಡಪ್ಪ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅವರದು ಎರಡನೆಯ ಪಕ್ಷ. ಆದ್ದರಿಂದ ಆ ವಿಷಯ ಬಿಟ್ಟು, ನಾನು ಇಪ್ಪತ್ತು ವರ್ಷ ದುಡಿದ ದೊಡ್ಡ ಕಂಪನಿ ಬಿಟ್ಟು ಹದಿನಾರು ಜನ ಇದ್ದ ಸಣ್ಣ ಕಾರ್ಖಾನೆಗೆ ಯಾಕೆ ಹೋದೆ, ಹೋಗುವ ಮುಂಚೆ ಏನೇನು ಲೆಕ್ಕ ಹಾಕಿದೆ, ಯಾವ ಲೆಕ್ಕ ತಪ್ಪಿತು ಅನ್ನುವುದನ್ನು ಹೇಳುತ್ತೇನೆ. ನಮ್ಮ ಶಾಲೆಯ ಹುಡುಗರು ವರ್ಷಕ್ಕೆ ಮೂರು ನಾಲ್ಕು ಜನ ಇದೇ ಪ್ರಶ್ನೆ ಇಟ್ಟುಕೊಂಡು ನನಗೆ ಫೋನ್ ಮಾಡುತ್ತಾರೆ. ಎಲ್ಲರಿಗೂ ಒಟ್ಟಿಗೆ ಹೇಳಿದ ಹಾಗಾಗುತ್ತದೆ.

ನಾನು ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದು 1991ರಲ್ಲಿ. ಮೂರು ವರ್ಷ ಡಿಪ್ಲೊಮಾ, ಮೆಕ್ಯಾನಿಕಲ್. ಆಮೇಲೆ ಬೆಂಗಳೂರಿನಲ್ಲಿ ಒಂದು ದೊಡ್ಡ ಕಂಪನಿಯಲ್ಲಿ ಅಪ್ರೆಂಟಿಸ್, 1996ರಲ್ಲಿ ಅಲ್ಲೇ ಕಾಯಂ. ಕಂಪನಿಯ ಹೆಸರು ಹೇಳುವುದಿಲ್ಲ. ಕೆಲವರಿಗೆ ಗೊತ್ತಿದೆ, ಗೊತ್ತಿಲ್ಲದವರಿಗೆ ಬೇಕಾಗಿಲ್ಲ. ಅಲ್ಲಿ ನನಗೆ ಅನ್ನ ಸಿಕ್ಕಿತು, ಮದುವೆ ಆಯಿತು, ದಾಸರಹಳ್ಳಿಯ ಕಡೆ ಎರಡು ಕೋಣೆಯ ಮನೆ ಆಯಿತು. ಕಾಯಂ ಆದ ಪತ್ರ ಬಂದ ದಿನ ಅಪ್ಪ ಅದನ್ನು ದೇವರ ಮುಂದೆ ಇಟ್ಟು, ಆಮೇಲೆ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ತಿಪಟೂರಿನ ಕೊಬ್ಬರಿ ಹರಾಜಿಗೂ ತೆಗೆದುಕೊಂಡು ಹೋಗಿದ್ದರಂತೆ. ಮಂಡಿಯವರಿಗೆಲ್ಲ ತೋರಿಸಿದ್ದಾರೆ. ಅದು ಇಂಗ್ಲಿಷಿನಲ್ಲಿತ್ತು. ಅಪ್ಪನಿಗೆ ಅದರಲ್ಲಿ ನನ್ನ ಹೆಸರು ಒಂದನ್ನು ಬಿಟ್ಟು ಬೇರೆ ಏನೂ ಓದಲು ಬರುತ್ತಿರಲಿಲ್ಲ.

ಮೊದಲ ಹನ್ನೆರಡು ವರ್ಷ ನಾನು ಯಂತ್ರದ ಮುಂದೆ ನಿಂತವನು. ಕೈಯಲ್ಲಿ ಎಣ್ಣೆ, ಕಿವಿಯಲ್ಲಿ ಸದ್ದು. ಆಮೇಲೆ ಬಡ್ತಿ ಕೊಟ್ಟು ಗುಣಮಟ್ಟ ವಿಭಾಗಕ್ಕೆ ಹಾಕಿದರು. ಹೊರಗಿನ ಸಣ್ಣ ಕಾರ್ಖಾನೆಗಳು ಮಾಡಿ ಕಳಿಸುವ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ. ಶುರುವಿನಲ್ಲಿ ಅಳೆಯುತ್ತಿದ್ದೆ. ಬರುಬರುತ್ತಾ ಅಳೆಯುವವರು ಬೇರೆಯಾದರು, ನಾನು ಅವರು ಬರೆದದ್ದನ್ನು ಕಂಪ್ಯೂಟರಿಗೆ ಏರಿಸಿ, ಮೇಲಿನವರಿಗೆ ಕಳಿಸಿ, ಅವರು ಕೇಳಿದ ಪ್ರಶ್ನೆಯನ್ನು ಕೆಳಗಿನವರಿಗೆ ಕಳಿಸುವವನಾದೆ. 2014ರ ಹೊತ್ತಿಗೆ ಒಂದು ಲೆಕ್ಕ ಹಾಕಿದೆ. ಕಬ್ಬಿಣದ ಒಂದು ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಎಷ್ಟು ದಿನ ಆಯಿತು ಅಂತ. ನೆನಪೇ ಆಗಲಿಲ್ಲ.

ಆ ವರ್ಷ ಒಂದು ಬುಷ್ಷಿನ ತಕರಾರು ಬಂತು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮಕ್ಕಳು ಗಮನ ಕೊಟ್ಟು ಕೇಳಿ.

ಬುಷ್ ಅಂದರೆ ಬಳೆಯ ಥರದ ಒಂದು ದಪ್ಪ ಉಂಗುರ. ಇದು ಒಳಗಡೆ 60 ಮಿಲಿಮೀಟರ್ ಅಗಲ, ಗೋಡೆ ಎರಡೂವರೆ ಮಿಲಿಮೀಟರ್ ಮಾತ್ರ. ಒಳಗಿನ ರಂಧ್ರ ಸರಿಯಾಗಿ ದುಂಡಗಿರಬೇಕು. ನಮ್ಮ ಕಡೆಯ ತಪಾಸಣೆಯಲ್ಲಿ ಅಳತೆ ಸರಿ ಬರುತ್ತಿತ್ತು, ಜೋಡಿಸುವ ಕಡೆ ಹೋದರೆ ಶಾಫ್ಟ್ ಹಿಡಿಯುತ್ತಿತ್ತು. ಮೂರು ತಿಂಗಳು ಪತ್ರ ವ್ಯವಹಾರ ನಡೆಯಿತು. ಏಳು ಜನರ ಸಹಿ ಬೇಕಾದ ಒಂದು ಫಾರಂ. ನಮ್ಮ ವಿಭಾಗ ಸರಬರಾಜುದಾರನ ತಪ್ಪು ಅಂತು, ಜೋಡಣೆಯವರು ನಮ್ಮ ತಪ್ಪು ಅಂದರು.

ನನಗೆ ಕಾರಣ ಗೊತ್ತಿತ್ತು. ಹನ್ನೆರಡು ವರ್ಷ ಲೇತ್ ಮುಂದೆ ನಿಂತವನಿಗೆ ಗೊತ್ತಾಗದೆ ಇರುತ್ತದೆಯೇ? ಲೇತಿನಲ್ಲಿ ಬುಷ್ಷನ್ನು ಮೂರು ದವಡೆಯ ಚಕ್ಕಿನಲ್ಲಿ ಹಿಡಿಯುತ್ತಾರೆ. ನೀವು ಒಂದು ರಬ್ಬರ್ ಬಳೆಯನ್ನು ಮೂರು ಬೆರಳಿನಿಂದ ಮೂರು ಕಡೆ ಒತ್ತಿ ಹಿಡಿಯಿರಿ. ಬಳೆ ಒಳಕ್ಕೆ ಬಾಗುತ್ತದೆ. ಹಾಗೆ ಒತ್ತಿ ಹಿಡಿದಿರುವಾಗಲೇ ಒಳಗಡೆ ದುಂಡಗೆ ಕೊರೆದಿರಿ ಅಂದುಕೊಳ್ಳಿ. ಯಂತ್ರದಲ್ಲಿ ಇರುವವರೆಗೂ ಅದು ಚಂದ್ರನಷ್ಟು ದುಂಡಗೆ. ಬೆರಳು ಬಿಟ್ಟ ತಕ್ಷಣ ಬಳೆ ತನ್ನ ಹಳೆಯ ಆಕಾರಕ್ಕೆ ಎಗರುತ್ತದೆ, ಒಳಗಿನ ರಂಧ್ರ ಮೂರು ಮೂಲೆಯದಾಗುತ್ತದೆ. ತಮಾಷೆ ಏನೆಂದರೆ, ಈ ಮೂರು ಮೂಲೆಯ ತಪ್ಪು ಸಾಮಾನ್ಯ ಮೈಕ್ರೋಮೀಟರಿಗೆ ಸಿಗುವುದಿಲ್ಲ. ಅದು ಎದುರುಬದುರು ಎರಡು ಕಡೆ ಮುಟ್ಟಿ ಅಳೆಯುತ್ತದೆ. ಒಂದು ಕಡೆ ಉಬ್ಬು ಇದ್ದರೆ ಅದರ ಎದುರಿಗೆ ತಗ್ಗು ಇರುತ್ತದೆ, ಎರಡೂ ಸೇರಿ ಯಾವ ಕಡೆ ಅಳೆದರೂ ಅದೇ 60. ಮೂರು ಕಾಲಿನ ಗೇಜಿನಲ್ಲಿ ಅಳೆದು ತಿರುಗಿಸಿ ನೋಡಿದರೆ ಮಾತ್ರ ಬಂಡವಾಳ ಬಯಲಾಗುತ್ತದೆ. ನಾನು ಅಳೆದೆ, ಸುಮಾರು 30 ಮೈಕ್ರಾನ್ ವ್ಯತ್ಯಾಸ. ತಲೆಕೂದಲಿನ ಅರ್ಧದಷ್ಟೂ ಅಲ್ಲ. ಶಾಫ್ಟ್ ಹಿಡಿಯುವುದಕ್ಕೆ ಅಷ್ಟು ಸಾಕು.

ಇದನ್ನು ಬರೆದು ಕಳಿಸಿದೆ. ಉತ್ತರ ಏನು ಬಂತು ಅಂದರೆ, "ತಪಾಸಣಾ ವಿಧಾನ ಬದಲಾಯಿಸುವುದಕ್ಕೆ ಬೇರೆ ಫಾರಂ ಇದೆ, ಅದನ್ನು ಭರ್ತಿ ಮಾಡಿ."

ಒಂದು ಶನಿವಾರ ಮಧ್ಯಾಹ್ನ ಮೇಲಧಿಕಾರಿಗೆ ಹೇಳಿ ನಾನೇ ಪೀಣ್ಯಕ್ಕೆ ಹೋದೆ. ಬುಷ್ ಮಾಡುತ್ತಿದ್ದ ಕಾರ್ಖಾನೆಯ ಯಜಮಾನರು ಅರವತ್ತರ ಹತ್ತಿರದವರು, ಅವರೇ ಲೇತ್ ಮುಂದೆ ನಿಂತಿದ್ದರು. ವಿಷಯ ಹೇಳಿದೆ. ಅವರು ವಾದ ಮಾಡಲಿಲ್ಲ. ಮೃದು ಕಬ್ಬಿಣದ ಅಗಲವಾದ ದವಡೆಗಳನ್ನು ಚಕ್ಕಿಗೆ ಹಾಕಿ, ಬುಷ್ಷಿನ ಹೊರಮೈಗೆ ಸರಿಯಾಗಿ ಅಪ್ಪುವ ಹಾಗೆ ಅದನ್ನು ಅಲ್ಲೇ ಕೊರೆದು, ಒತ್ತಡ ಮೂರು ಬಿಂದುವಿಗೆ ಬೀಳದೆ ಸುತ್ತಲೂ ಹರಡುವ ಹಾಗೆ ಮಾಡಿದರು. ಸಂಜೆ ಐದಕ್ಕೆ ಮೊದಲ ಬುಷ್ ಅಳೆದೆವು. 6 ಮೈಕ್ರಾನ್. ಮೂರು ತಿಂಗಳ ಪತ್ರ ವ್ಯವಹಾರ ಮೂರು ಗಂಟೆಯಲ್ಲಿ ಮುಗಿದಿತ್ತು. ನನ್ನ ಅಂಗಿಯ ಮೇಲೆ ಎಣ್ಣೆ ಚೆಲ್ಲಿತ್ತು. ಮನೆಗೆ ಹೋದಾಗ ಹೆಂಡತಿ, "ಏನ್ರಿ ಇದು, ಬೈಕ್ ಕೆಟ್ಟಿತ್ತಾ?" ಅಂದಳು.

ಆರು ತಿಂಗಳು ಕಳೆದ ಮೇಲೆ ಯಜಮಾನರು ಕೇಳಿದರು, "ನನಗೆ ವಯಸ್ಸಾಯ್ತು. ಮಗ ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸ, ಈ ಕಡೆ ತಿರುಗಿಯೂ ನೋಡಲ್ಲ. ನೀವು ಬಂದು ನೋಡ್ಕೊತೀರಾ?"

ಇಲ್ಲಿ ಒಂದು ಸೂಕ್ಷ್ಮ ಇದೆ. ನಾನು ಅವರ ಮಾಲು ಪಾಸು ಮಾಡುವ ಜಾಗದಲ್ಲಿ ಕೂತವನು. ಅವರ ಕೆಲಸದ ಆಸೆ ಇಟ್ಟುಕೊಂಡು ಅವರದೇ ಮಾಲಿಗೆ ಸಹಿ ಹಾಕಿದರೆ ಅದು ಲಂಚಕ್ಕಿಂತ ಬೇರೆಯಲ್ಲ. ಮಾರನೆಯ ದಿನವೇ ಮೇಲಧಿಕಾರಿಗೆ ಬಾಯಿ ಮಾತಿನಲ್ಲೂ ಕಾಗದದಲ್ಲೂ ತಿಳಿಸಿ, ಆ ಕಾರ್ಖಾನೆಯ ತಪಾಸಣೆಯನ್ನು ಬೇರೆಯವರಿಗೆ ವಹಿಸಲು ಕೇಳಿಕೊಂಡೆ. ಹಾಗಿದ್ದರೂ ಕ್ಯಾಂಟೀನಿನಲ್ಲಿ ಎರಡು ಮಾತು ಬಂತು. ಕಾಗದದ ನಕಲು ನನ್ನ ಹತ್ತಿರ ಇತ್ತಾದ್ದರಿಂದ ನಿದ್ದೆ ಕೆಡಲಿಲ್ಲ.

ಉತ್ತರ ಕೊಡಲು ನಾನು ತೆಗೆದುಕೊಂಡದ್ದು ಒಂದು ವರ್ಷಕ್ಕೂ ಹೆಚ್ಚು. ನಮ್ಮ ಲೆಕ್ಕದ ಮೇಷ್ಟ್ರು, ಅವರು ಈಗಿಲ್ಲ, ಒಂದು ಅಭ್ಯಾಸ ಮಾಡಿಸಿದ್ದರು. ಲೆಕ್ಕ ಮಾಡುವ ಮುಂಚೆ ಹಾಳೆಯ ಮೇಲ್ಗಡೆ ಅಂದಾಜು ಬರೆಯಬೇಕು, ಕೆಳಗೆ ಉತ್ತರ. ಎರಡಕ್ಕೂ ಬಹಳ ದೂರ ಇದ್ದರೆ ಬೆತ್ತ. ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಮೇಲ್ಗಡೆ ಬರೆದೆ: "ಹೋಗಬಹುದು." ಅದು ಮನಸ್ಸಿನ ಅಂದಾಜು. ಆಮೇಲೆ ಲೆಕ್ಕಕ್ಕೆ ಕೂತೆ.

ಕೈಗೆ ಬರುತ್ತಿದ್ದ ಸಂಬಳ 49,000. ಯಜಮಾನರು ಹೇಳಿದ್ದು 46,000, ಜೊತೆಗೆ ಲಾಭ ಬಂದ ವರ್ಷ ಲಾಭದಲ್ಲಿ ಪಾಲು. ಮನೆ ಸಾಲದ ಕಂತು 16,500. ಈ ಮೂರು ಸಾವಿರದ ವ್ಯತ್ಯಾಸವನ್ನು ನೋಡಿಯೇ ನಮ್ಮ ಹುಡುಗರು ಹೂಂ ಅನ್ನುತ್ತಾರೆ ಅಥವಾ ಊಹೂಂ ಅನ್ನುತ್ತಾರೆ. ಸಂಬಳದ ಚೀಟಿಯಲ್ಲಿ ಕಾಣದೇ ಇರುವುದು ಬೇರೆ ಇದೆ.

ಒಂದು ಗ್ರಾಚ್ಯುಟಿ. ಆಗ ಜಾರಿಯಲ್ಲಿದ್ದ 1972ರ ಕಾಯಿದೆಯ ಪ್ರಕಾರ ಐದು ವರ್ಷ ಬಿಡದೆ ದುಡಿದವನಿಗೆ ವರ್ಷಕ್ಕೆ 15 ದಿನದ ಸಂಬಳ ಸಿಗಬೇಕಿತ್ತು. ತಿಂಗಳನ್ನು 26 ದಿನ ಅಂತ ಲೆಕ್ಕ ಹಿಡಿಯುತ್ತಾರೆ. ನನ್ನ ಮೂಲ ವೇತನ, ತುಟ್ಟಿಭತ್ಯೆ ಸೇರಿ 38,000. ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ 20 ವರ್ಷದಿಂದ ಗುಣಿಸಿದರೆ 4,38,000ದ ಮೇಲೆ ಚಿಲ್ಲರೆ. ಅದು ಸಿಗುತ್ತದೆ, ಸರಿ. ಆದರೆ ಈ ಲೆಕ್ಕ ಕೊನೆಯ ಸಂಬಳದ ಮೇಲೆ ನಡೆಯುತ್ತದೆ. 58ನೇ ವಯಸ್ಸಿನವರೆಗೆ ಅಲ್ಲೇ ಇದ್ದಿದ್ದರೆ ಈ ಹಳೆಯ ಇಪ್ಪತ್ತು ವರ್ಷಕ್ಕೂ ಆಗಿನ ದೊಡ್ಡ ಸಂಬಳದ ದರದಲ್ಲಿ ಸಿಗುತ್ತಿತ್ತು. ಮಧ್ಯದಲ್ಲಿ ಬಿಟ್ಟವನಿಗೆ ಹಳೆಯ ವರ್ಷಗಳು ಹಳೆಯ ದರದಲ್ಲೇ ನಿಂತುಹೋಗುತ್ತವೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಲೆಕ್ಕ ಮಾಡುವಾಗ ಹೊಳೆಯಿತು.

ಇನ್ನೊಂದು ಭವಿಷ್ಯ ನಿಧಿ. ಇಪ್ಪತ್ತು ಜನಕ್ಕಿಂತ ಕಡಿಮೆ ಇರುವ ಕಾರ್ಖಾನೆಗೆ ಪಿ.ಎಫ್. ಕಡ್ಡಾಯವಲ್ಲ. ಅಲ್ಲಿದ್ದದ್ದು ಹದಿನಾರು ಜನ. ಅಂದರೆ ಅಲ್ಲಿಗೆ ಹೋದ ದಿನವೇ ನನ್ನ ಪಿ.ಎಫ್. ನಿಂತುಹೋಗುತ್ತದೆ, ಪಿಂಚಣಿಗೆ ಲೆಕ್ಕವಾಗುವ ವರ್ಷಗಳೂ ನಿಲ್ಲುತ್ತವೆ. ಕಾನೂನಿನಲ್ಲಿ ಒಂದು ದಾರಿ ಇದೆ. ಮಾಲೀಕರೂ ಬಹುಪಾಲು ಕೆಲಸಗಾರರೂ ಒಪ್ಪಿದರೆ ಸಣ್ಣ ಕಾರ್ಖಾನೆಯನ್ನೂ ಪಿ.ಎಫ್. ವ್ಯಾಪ್ತಿಗೆ ಸೇರಿಸಬಹುದು. ನಾನು ಯಜಮಾನರಿಗೆ ಇದನ್ನು ಷರತ್ತಾಗಿ ಹೇಳಿದೆ. ಅವರು ಎರಡು ದಿನ ಯೋಚನೆ ಮಾಡಿ ಒಪ್ಪಿದರು. ಒಪ್ಪದೇ ಇದ್ದವರು ಕೆಲಸಗಾರರು! ರಾಯಚೂರು ಕಡೆಯ ಒಬ್ಬ ಹುಡುಗ ನೇರವಾಗಿ ಹೇಳಿದ, "ಸರ್, ನೀವು ಬರೋದ್ರಿಂದ ನಮ್ಮ ಕೈಯಾಗಿನ ರೊಕ್ಕ ಕಡಿಮಿ ಆಗ್ತದಲ್ರಿ." ನೂರಕ್ಕೆ ನೂರು ನಿಜ. ಸಂಬಳದಲ್ಲಿ ಶೇಕಡಾ 10 ಹಿಡಿದರೆ ಊರಿಗೆ ಕಳಿಸುವ ಹಣ ಅಷ್ಟು ಕಡಿಮೆಯಾಗುತ್ತದೆ. ಕೊನೆಗೆ ಯಜಮಾನರು ಸ್ವಲ್ಪ ಸಂಬಳ ಏರಿಸಿದ ಮೇಲೆ ಹದಿನಾರರಲ್ಲಿ ಹನ್ನೊಂದು ಜನ ಸಹಿ ಹಾಕಿದರು. ಆ ಹುಡುಗ ಹಾಕಲಿಲ್ಲ. ಬಹುಮತ ಆದ ಮೇಲೆ ಅವನಿಗೂ ಸೇರಿಯೇ ಹಿಡಿದರು, ನನ್ನ ಜೊತೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ.

ಲಾಭದ ಪಾಲನ್ನು ಕಾಗದದಲ್ಲಿ ಬರೆದುಕೊಡಿ ಅಂದಾಗ ಯಜಮಾನರ ಮುಖ ಸಣ್ಣಗಾಯಿತು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು. "ನಿಮ್ಮ ಮೇಲೆ ಇದೆ ಸಾರ್. ನಾಳೆ ನೀವಿಲ್ಲದ ದಿನ ನಿಮ್ಮ ಮಗನ ಎದುರು ನಿಂತು ನಾನು ಏನು ತೋರಿಸಲಿ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. ಅವರ ಆಡಿಟರೇ ಬರೆದುಕೊಟ್ಟರು.

ಕಾರ್ಖಾನೆಯ ಲೆಕ್ಕಪತ್ರ ನೋಡಲು ಕೊಟ್ಟರು, ನೋಡಿದೆ, ಅರ್ಧ ಅರ್ಥವಾಯಿತು. ಒಟ್ಟು ಕೆಲಸದಲ್ಲಿ ಮುಕ್ಕಾಲು ಪಾಲು ಎರಡೇ ಗಿರಾಕಿಗಳಿಂದ ಬರುತ್ತಿತ್ತು ಅನ್ನುವುದು ಅರ್ಥವಾದ ಅರ್ಧದಲ್ಲಿ ಮುಖ್ಯವಾದದ್ದು. ಆದರೆ ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಆ ಲೆಕ್ಕಪತ್ರ ಅಲ್ಲ, ಗೇಟಿನ ಎದುರಿನ ಟೀ ಅಂಗಡಿ. ಮೂರು ನಾಲ್ಕು ಸಲ ಅಲ್ಲಿ ಟೀ ಕುಡಿಯುತ್ತಾ ಅಂಗಡಿಯವರ ಹತ್ತಿರ ಮಾತಿಗೆ ಇಳಿದೆ. ಅವರ ಸಾಲದ ಪುಸ್ತಕದಲ್ಲಿ ಆ ಬೀದಿಯ ಹತ್ತು ಕಾರ್ಖಾನೆಗಳ ಹುಡುಗರ ಲೆಕ್ಕ ಇತ್ತು. "ಇವರ ಹುಡುಗರು ಏಳನೇ ತಾರೀಕು ತೀರಿಸ್ತಾರೆ ಸಾರ್, ತಪ್ಪಿದ್ರೆ ಎಂಟು. ಆ ಪಕ್ಕದ್ದು ಇದೆಯಲ್ಲ, ಅದರ ಹುಡುಗರು ಇಪ್ಪತ್ತಕ್ಕೂ ತೀರಿಸಲ್ಲ" ಅಂದರು. ಯಾವ ಕಾರ್ಖಾನೆಯಲ್ಲಿ ಸಂಬಳ ಯಾವತ್ತು ಆಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಬ್ಯಾಂಕಿಗೂ ಗೊತ್ತಿರಲಾರದು.

ಮನೆಯಲ್ಲಿ ಹೆಂಡತಿ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅವಳು ಖಾಸಗಿ ಶಾಲೆಯಲ್ಲಿ ಟೀಚರ್. "ಆರು ತಿಂಗಳ ಮನೆ ಕಂತು, ಮಗಳ ಒಂದು ವರ್ಷದ ಫೀಜು, ಇಷ್ಟನ್ನು ಮುಟ್ಟದ ಹಾಗೆ ಬೇರೆ ಖಾತೆಯಲ್ಲಿ ಇಟ್ಟು ಆಮೇಲೆ ರಾಜೀನಾಮೆ ಬರೀರಿ" ಅಂದಳು. ಅದನ್ನು ಕೂಡಿಸಲು ಹತ್ತು ತಿಂಗಳು ಹಿಡಿಯಿತು.

ಇನ್ನು ಊರು. ಯುಗಾದಿಗೆ ಬಂದಾಗ ಅಪ್ಪನಿಗೆ ಹೇಳಿದೆ. ಅಪ್ಪ ಅಟ್ಟದ ಕಡೆ ನೋಡುತ್ತಾ ಅಂದರು, "ಅಲ್ಲ ಕಣೋ ಮಗಾ, ಕಾಯಿ ಅಟ್ಟದ ಮೇಲೆ ವರ್ಷ ಇದ್ರೆ ಕೊಬ್ಬರಿ ಆಗೋದು. ಇನ್ನೇನು ನೀರು ಹಿಂಗ್ತು ಅನ್ನೋ ಹೊತ್ಗೆ ಇಳೀತೀನಿ ಅಂತೀಯಲ್ಲ." ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಇಲ್ಲ. ಅವ್ವ ಮಾತ್ರ, "ಅಲ್ಲಿ ಊಟ ಕೊಡ್ತಾರಾ?" ಅಂತ ಕೇಳಿದಳು. ದೊಡ್ಡ ಕಂಪನಿಯಲ್ಲಿ ಕ್ಯಾಂಟೀನ್ ಊಟ ಐದು ರೂಪಾಯಿಗೆ ಸಿಗುತ್ತಿತ್ತು, ಅದು ಅವಳಿಗೆ ಬಹಳ ಹೆಮ್ಮೆಯ ವಿಷಯ. ದೊಡ್ಡಪ್ಪ ಅಂತೂ ನಾನು ಬಿಟ್ಟು ಎರಡು ವರ್ಷ ಆದ ಮೇಲೂ ಮದುವೆ ಮನೆಗಳಲ್ಲಿ ನನ್ನನ್ನು ಹಳೆಯ ಕಂಪನಿ ಹೆಸರಿನಿಂದಲೇ ಪರಿಚಯ ಮಾಡಿಕೊಡುತ್ತಿದ್ದರು. ನಾನೂ ತಿದ್ದುತ್ತಿರಲಿಲ್ಲ ಅನ್ನಿ.

2016ರ ಜೂನ್‌ನಲ್ಲಿ ಬಿಟ್ಟೆ. ಕೊನೆಯ ದಿನ ಗುರುತಿನ ಚೀಟಿ ಗೇಟಿನಲ್ಲಿ ಕೊಟ್ಟು ಹೊರಗೆ ಬಂದಾಗ ಕುತ್ತಿಗೆ ಬರಿದಾಗಿತ್ತು. ಇಪ್ಪತ್ತು ವರ್ಷ ಅದರ ದಾರ ಇದ್ದ ಜಾಗ. ಆರ್ಡಿನರಿ ಮನುಷ್ಯ ಆಗಿಬಿಟ್ಟೆ ಅನ್ನಿಸಿತು.

ಹೊಸ ಜಾಗದಲ್ಲಿ ಐದು ತಿಂಗಳಿಗೆ ನೋಟು ರದ್ದಾಯಿತು, ಮರು ವರ್ಷ ಜುಲೈಯಲ್ಲಿ ಜಿ.ಎಸ್.ಟಿ. ಬಂತು. ಎರಡರಿಂದಲೂ ಪೀಣ್ಯದ ಸಣ್ಣ ಕಾರ್ಖಾನೆಗಳು ತತ್ತರಿಸಿದವು, ನಾವೂ. ಅದನ್ನೆಲ್ಲ ಹೇಳುತ್ತಾ ಕೂತರೆ ಊಟ ತಣ್ಣಗಾಗುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ತಪ್ಪಿದ ಲೆಕ್ಕ ಒಂದಿದೆ, ಅದನ್ನು ಹೇಳಲೇಬೇಕು.

ದೊಡ್ಡ ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ಅಪ್ಪ ಅವ್ವ ಇಬ್ಬರೂ ಇದ್ದರು. ಕೆಲಸ ಬಿಟ್ಟ ದಿನ ಅದು ಮುಗಿಯುತ್ತದೆ ಅಂತ ಗೊತ್ತಿತ್ತು. ಬಿಡುವ ಮುಂಚೆಯೇ ಅವ್ವನ ಹೆಸರಿಗೆ ಬೇರೆ ಕಂಪನಿಯ ಒಂದು ಪಾಲಿಸಿ ಮಾಡಿಸಿದೆ, ಜಾಣತನ ಮಾಡಿದೆ ಅಂದುಕೊಂಡೆ. ಅವ್ವನಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಮೊದಲಿನಿಂದ ಇತ್ತು. ಮೊದಲೇ ಇದ್ದ ಕಾಯಿಲೆಗೆ ಆ ಪಾಲಿಸಿಯಲ್ಲಿ ಆಗ ನಾಲ್ಕು ವರ್ಷ ಕಾಯಬೇಕಿತ್ತು. 2018ರಲ್ಲಿ, ಎರಡೇ ವರ್ಷಕ್ಕೆ, ಅವ್ವನಿಗೆ ಎದೆನೋವು ಬಂತು. ತಿಪಟೂರಿನಲ್ಲಿ ತೋರಿಸಿ, ರಾತ್ರೋರಾತ್ರಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಕರೆತಂದೆವು. ಎರಡು ಸ್ಟೆಂಟ್ ಹಾಕಿದರು. ವಿಮೆಯವರು ಕೊಡಲಿಲ್ಲ, ಷರತ್ತಿನ ಪ್ರಕಾರ ಅವರು ಕೊಡಬೇಕಾಗಿಯೂ ಇರಲಿಲ್ಲ. ಅದು ಸರ್ಕಾರದ ಅಧೀನದ ಸಂಸ್ಥೆ, ಅದರ ಮೇಲೆ ಹಿಂದಿನ ವರ್ಷ ತಾನೇ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತ್ತು, ಅದರಿಂದ ಬದುಕಿಕೊಂಡೆವು. ಆದರೂ ಎಲ್ಲ ಸೇರಿ ಒಂದೂಕಾಲು ಲಕ್ಷದ ಮೇಲಾಯಿತು. ಹೆಂಡತಿ ಮುಟ್ಟಬೇಡಿ ಅಂದಿದ್ದ ಖಾತೆಯನ್ನು ಅವಳೇ ಮುಟ್ಟಿದಳು. ಯಜಮಾನರು ಆಸ್ಪತ್ರೆಯ ಮೆಟ್ಟಿಲ ಹತ್ತಿರ 50,000 ತಂದುಕೊಟ್ಟರು. ಹತ್ತು ತಿಂಗಳು ಸಂಬಳದಲ್ಲಿ ಹಿಡಿದುಕೊಂಡರು, ಬಡ್ಡಿ ಇಲ್ಲ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಾತ್ರಿ ಕಾರಿಡಾರಿನಲ್ಲಿ ಕೂತಿದ್ದಾಗ ನನಗೆ ನೆನಪಾಗುತ್ತಿದ್ದದ್ದು ಹಳೆಯ ಕಂಪನಿಯ ವಿಮಾ ಕಾರ್ಡು. ಅದಿದ್ದಿದ್ದರೆ ಯಾರ ಮುಂದೆಯೂ ಕೈ ಚಾಚಬೇಕಿರಲಿಲ್ಲ.

ಆಮೇಲೆ ಗೊತ್ತಾದ ಸಂಗತಿ ಇದು, ಬರೆದುಕೊಳ್ಳಿ. ಗುಂಪು ವಿಮೆಯಲ್ಲಿ ಇರುವವರು ಹೊರಗೆ ಬರುವಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು ಕೇಳಬಹುದು. ಹಾಗೆ ಹೋದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಜಮೆಯಾಗುತ್ತವೆ. ಆದರೆ ಹಳೆಯ ವಿಮೆ ಮುಗಿಯುವ ಮುಂಚೆಯೇ ಕೇಳಬೇಕು. ನಾನು ಕೇಳಲಿಲ್ಲ, ಬೇರೆ ಕಂಪನಿಯ ಹೊಸ ಪಾಲಿಸಿಗೆ ಹೋದೆ. 4,38,000ವನ್ನು ಪೈಸೆ ಬಿಡದೆ ಲೆಕ್ಕ ಹಾಕಿದವನು ಒಂದು ಅರ್ಜಿ ಹಾಕುವುದನ್ನು ಬಿಟ್ಟೆ. ಈ ತಪ್ಪನ್ನು ಯಾರ ತಲೆಗೂ ಕಟ್ಟಲು ಆಗುವುದಿಲ್ಲ.

ಇನ್ನೊಂದು ವಿಷಯ ಲೆಕ್ಕದ ಪುಸ್ತಕದಲ್ಲಿ ಇರಲೇ ಇಲ್ಲ. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಏಪ್ರಿಲ್, ಮೇ ಎರಡು ತಿಂಗಳು ಎಲ್ಲರಿಗೂ ಅರ್ಧ ಸಂಬಳ, ನನಗೂ. ಕಾರ್ಖಾನೆಯಲ್ಲಿ ದುಡ್ಡಿರಲಿಲ್ಲ. ಬರಬೇಕಾದ ದುಡ್ಡು ಇತ್ತು, ಒಬ್ಬ ದೊಡ್ಡ ಗಿರಾಕಿಯ ಹತ್ತಿರ ಏಳು ತಿಂಗಳಿನ ಬಾಕಿ. ಸಣ್ಣ ಉದ್ಯಮದಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು ಅಂತ 2006ರಿಂದಲೇ ಕಾನೂನಿದೆ. ದೂರು ಕೊಡುವುದಕ್ಕೆ ಮಂಡಳಿಯೂ ಇದೆ. ಆದರೆ ದೂರು ಕೊಟ್ಟ ಮಾರನೆಯ ದಿನ ಆರ್ಡರ್ ನಿಂತರೆ? ಮುಕ್ಕಾಲು ಪಾಲು ಕೆಲಸ ಇಬ್ಬರ ಕೈಯಲ್ಲಿರುವವನು ದೂರು ಕೊಡುವುದಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತಾನೆ. ಆ ಫೋನ್ ಮಾಡುತ್ತಿದ್ದವನು ನಾನು. ಆ ಕಡೆಯ ಯುವಕ ಬಹಳ ವಿನಯದಿಂದ ಹೇಳುತ್ತಿದ್ದ, "ಸರ್, ಎಲ್ಲ ಆಗಿದೆ, ಒಂದು ಸಹಿ ಬಾಕಿ ಇದೆ."

ಆ ಮಾತನ್ನು ನಾನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಕೇಳಿದ್ದಲ್ಲ, ಹೇಳಿದ್ದೆ. ತಪಾಸಣಾ ವಿಭಾಗದಲ್ಲಿ ನಾನು ಕೂತಿದ್ದಾಗ ನನ್ನ ಸಹಿ ಇಲ್ಲದೆ ಬಿಲ್ಲು ಮುಂದೆ ಹೋಗುತ್ತಿರಲಿಲ್ಲ. ರಜೆ ಹಾಕಿ ಹಬ್ಬಕ್ಕೆ ಊರಿಗೆ ಬಂದರೆ ಬಿಲ್ಲುಗಳು ಮೇಜಿನ ಮೇಲೇ ಇರುತ್ತಿದ್ದವು. ಹತ್ತು ದಿನ ತಡವಾದರೆ ಏನಾಯಿತು, ಹೇಗಿದ್ದರೂ ಬರುತ್ತದಲ್ಲ ಅಂದುಕೊಂಡಿದ್ದೆ. ಯಾವತ್ತೂ ಒಂದು ರೂಪಾಯಿ ಮುಟ್ಟಿದವನಲ್ಲ, ಅದಕ್ಕೇ ನಾನು ಪ್ರಾಮಾಣಿಕ ಅಂತ ನನಗೆ ಬಹಳ ನಂಬಿಕೆ ಇತ್ತು. ನನ್ನ ಆ ಹತ್ತು ದಿನಗಳಲ್ಲಿ ಯಾವ ಕಾರ್ಖಾನೆಯ ಎಷ್ಟು ಹುಡುಗರು ಟೀ ಅಂಗಡಿಯ ಸಾಲ ತೀರಿಸದೆ ಬೇರೆ ದಾರಿಯಲ್ಲಿ ಸುತ್ತಿ ಹೋಗಿರಬಹುದು? ನಮ್ಮ ಯಜಮಾನರದೇ ಬಿಲ್ಲು ಅದರಲ್ಲಿ ಎಷ್ಟಿತ್ತೋ. ಒಂದು ದಿನ ಕೇಳಿಯೇಬಿಟ್ಟೆ. ಅವರು ಲೇತ್ ಒರೆಸುತ್ತಾ, "ಇತ್ತು, ಒಂದು ದೀಪಾವಳಿ ಟೈಮು. ಹೆಂಡ್ತಿ ಬಳೆ ಅಡ ಇಟ್ಟು ಬೋನಸ್ ಕೊಟ್ಟೆ. ಬಿಡಿ, ನಿಮಗೇನು ಗೊತ್ತು ಆಗ" ಅಂದರು. ನಾನು ಸುಮ್ಮನೆ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಆ ಲಾಕ್‌ಡೌನಿನಲ್ಲಿ ಅಪ್ಪ ಎರಡು ಮೂಟೆ ರಾಗಿ ಕಳಿಸಿದರು. ರಾಯಚೂರಿನ ಹುಡುಗ ಊರಿಗೆ ಹೋದವನು ಅಲ್ಲಿಂದ ಫೋನ್ ಮಾಡಿದ. ಕೊರೋನಾ ಮುಂಗಡ ಅಂತ ಪಿ.ಎಫ್.ನಿಂದ ಹಣ ತೆಗೆಯಲು ಆಗ ಅವಕಾಶ ಕೊಟ್ಟಿದ್ದರು, ಅದರ ಅರ್ಜಿ ಹಾಕುವುದು ಹೇಗೆ ಅಂತ ಕೇಳಿದ. ಹೇಳಿಕೊಟ್ಟೆ. ಹಣ ಬಂದ ದಿನ ಮತ್ತೆ ಫೋನ್. "ಸರ್, ಅವತ್ತು ಸಹಿ ಮಾಡ್ಲಿಲ್ಲಲ್ರಿ ನಾನು" ಅಂದ. ಅಷ್ಟೇ. ಈಗ ಅವನು ನಮ್ಮಲ್ಲಿ ಸಿ.ಎನ್.ಸಿ. ವಿಭಾಗ ನೋಡಿಕೊಳ್ಳುತ್ತಾನೆ.

ಈಗ ನಾವು ಮೂವತ್ತೊಂದು ಜನ ಇದ್ದೇವೆ. ಲಾಭದ ಪಾಲು ಎಂಟು ವರ್ಷದಲ್ಲಿ ಮೂರು ಸಲ ಬಂದಿದೆ. ಹಳೆಯ ಕಂಪನಿಯಲ್ಲೇ ಉಳಿದ ನನ್ನ ಗೆಳೆಯ, ನಮ್ಮ ಪಕ್ಕದ ಊರಿನವನೇ, ಇವತ್ತು ನನಗಿಂತ ಹೆಚ್ಚು ಸಂಬಳ ತೆಗೆದುಕೊಳ್ಳುತ್ತಾನೆ, ಅವನ ತಂದೆಯ ಮಂಡಿ ಆಪರೇಷನ್ ಒಂದು ರೂಪಾಯಿ ಖರ್ಚಿಲ್ಲದೆ ಆಯಿತು, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ. ಅವನು ತಪ್ಪು ಮಾಡಿದ ಅಂತ ನಾನು ಹೇಳಲಾರೆ. ನನ್ನನ್ನು ಕೇಳಿದರೆ, ನಾನು ವಾಪಸ್ಸು ಹೋಗುತ್ತಿರಲಿಲ್ಲ. ಅವ್ವನ ಆ ರಾತ್ರಿ ಒಂದನ್ನು ಬಿಟ್ಟು. ಆ ರಾತ್ರಿ ಯಾರಾದರೂ ಕರೆದಿದ್ದರೆ ಹೋಗಿಬಿಡುತ್ತಿದ್ದೆ.

ಅವ್ವ ಚೆನ್ನಾಗಿದ್ದಾಳೆ. ಮುಂದಿನ ಸಾಲಿನಲ್ಲೇ ಇದ್ದಾಳೆ, ನನ್ನ ಮಾತು ಉದ್ದವಾಯಿತು ಅಂತ ಸನ್ನೆ ಮಾಡುತ್ತಿದ್ದಾಳೆ.

ಕೊನೆಯದಾಗಿ ಒಂದು ವಿಷಯ. ನಾವು ಓದುವಾಗ ಈ ಶಾಲೆಯಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ಸ್ ಇತ್ತು. ವಿಜ್ಞಾನದ ಬೀರುವಿನಲ್ಲಿ, ಬೀಗ ಹಾಕಿ. ಮೂರು ವರ್ಷದಲ್ಲಿ ಎರಡು ಸಲ ನೋಡಿದ್ದೇವೆ, ಮುಟ್ಟಿದ್ದು ಒಂದೂ ಸಲ ಇಲ್ಲ. ನಮ್ಮ ಕಾರ್ಖಾನೆಯವರೆಲ್ಲ ಸೇರಿ ಹತ್ತು ವರ್ನಿಯರ್ ಕೊಟ್ಟಿದ್ದಾರೆ, ಮುಖ್ಯೋಪಾಧ್ಯಾಯರ ಮೇಜಿನ ಮೇಲಿದೆ. ಸಾರ್, ದಯವಿಟ್ಟು ಬೀರುವಿನಲ್ಲಿ ಇಡಬೇಡಿ. ಮಕ್ಕಳ ಕೈಯಲ್ಲಿ ಸವೆದರೆ ಮತ್ತೆ ತಂದುಕೊಡುತ್ತೇನೆ. ಮಕ್ಕಳಿಗೆ ತೋರಿಸಲು ಒಂದು ಬುಷ್ ಕೂಡ ತಂದಿದ್ದೇನೆ. ಬೇಕೆಂದೇ ತಪ್ಪಾಗಿ ಮಾಡಿದ್ದು, ನಿಮ್ಮ ವರ್ನಿಯರಿಗೆ ಸಿಗುವಷ್ಟು ದೊಡ್ಡ ತಪ್ಪು, ಆದರೂ ಸಿಗುವುದಿಲ್ಲ. ಮೂರು ಕಾಲಿನ ಗೇಜೂ ನನ್ನ ಚೀಲದಲ್ಲಿದೆ. ಊಟ ಆದ ಮೇಲೆ ಹತ್ತನೇ ತರಗತಿ ಕೊಠಡಿಗೆ ಬನ್ನಿ, ಮೊದಲು ನೀವು ಅಳೆಯಿರಿ, ಆಮೇಲೆ ನಾನು ಅಳೆಯುತ್ತೇನೆ.